ಎಣ್ಣೆಯೂರಿನಲ್ಲಿ ಎಣ್ಣೆಯಿಲ್ಲದ ವಿಮಾನ

(ರಬಾಳೆಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭದಿನದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ನಿಜವಾಗಿಯೂ ಹಿಂಜರಿದೆ. ನಾನು ಸಾಹಿತಿಯಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, ಒಬ್ಬರ ಹಣ ಎಣಿಸಿ ಇನ್ನೊಬ್ಬರಿಗೆ ಕೊಡುವ ಗುಮಾಸ್ತ. ಅಂಥವನು ವಿದ್ಯುತ್ ವಿಮಾನದ ವಿಷಯ ಎತ್ತಿಕೊಂಡಿದ್ದಕ್ಕೆ ಕಾರಣ ಇಬ್ಬರು ಹಿರಿಯರು ನನ್ನನ್ನು ಕೇಳಿದ ಪ್ರಶ್ನೆಗಳು. ಅವರಿಗೆ ಉತ್ತರ ಹೇಳುವ ನೆವದಲ್ಲಿ ನಾನು ಕಲಿತದ್ದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯವರು ನಮ್ಮ ಸಂಘದ ಸದಸ್ಯರೇ. ಹೆಸರು ಹೇಳುವುದಿಲ್ಲ, ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಕೆಲವು ತಿಂಗಳ ಹಿಂದೆ ಅವರು ಪತ್ರಿಕೆಯ ತುಣುಕೊಂದನ್ನು ಹಿಡಿದು ಕೌಂಟರಿಗೆ ಬಂದರು. "ಇನ್ನೆರಡು ವರ್ಷದಲ್ಲಿ ಕರೆಂಟಿನ ವಿಮಾನ ಬರ್ತದಂತೆ ಮಾರಾಯ್ರೆ. ಬಸ್ಸಿನ ಚಾರ್ಜಿನಲ್ಲಿ ಊರಿಗೆ ಹೋಗ್ಲಿಕ್ಕೆ ಆಗ್ತದಂತೆ. ನನ್ನ ಠೇವಣಿ ಮುಂದಿನ ತಿಂಗಳು ಮುಗೀತದೆ. ಅಂಥ ಕಂಪೆನಿಯಲ್ಲಿ ಹಾಕಿದರೆ ಹೇಗೆ?" ಎಂದರು. ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ಬೆವರಿ ಉಳಿಸಿದ ಹಣ ಅದು. "ಸ್ವಲ್ಪ ತಡೆಯಿರಿ, ಓದಿ ಹೇಳುತ್ತೇನೆ" ಎಂದೆ.

ಎರಡನೆಯವರು ನನ್ನ ದೊಡ್ಡಪ್ಪ. ನಮ್ಮಲ್ಲಿ ಹೆಚ್ಚಿನವರು ಕರಾವಳಿಯವರು. ನಾನು ಬಯಲುಸೀಮೆಯವನು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನವನು. ಶೇಂಗಾ ಬೆಳೆಯುವ ನಾಡು, ಎಣ್ಣೆ ಗಿರಣಿಗಳ ಊರು. ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ನಾವೇ ಎಂದು ಹೆಮ್ಮೆಪಡುವ ಊರು. ಊರಿಗೆ ಹೋಗಿದ್ದಾಗ ದೊಡ್ಡಪ್ಪ ಜಗುಲಿಯ ಮೇಲೆ ಕೂತು ಕೇಳಿದರು: "ನಮ್ಮ ಕಾವಲಿನಾಗೆ ಎಣ್ಣೆ ಇಲ್ದಂಗೆ ಹಾರೋ ಇಮಾನ ಮಾಡವ್ರಂತೆ, ದಿಟವೇನಪ್ಪಾ? ಎಣ್ಣೆ ಊರಿಗೆ ಬಂದು ಎಣ್ಣೆ ಬ್ಯಾಡ ಅಂತೈತಲ್ಲ ಅದು!" ನಾನು ನಕ್ಕು, ಬಿಸಿಲಿನಿಂದ ಹಾರುತ್ತದಂತೆ ಎಂದೆ. ಅವರು ನಗಲಿಲ್ಲ. "ನಮ್ಮ ಹೊಲದಾಗಿನ ಸೋಲಾರು ಮೋಟರು ಹೊತ್ತು ಮುಳುಗಿದ್ರೆ ನಿಲ್ತೈತೆ. ನೆಲದ ಮ್ಯಾಗೆ ನಿಂತ್ರೆ ನೀರು ಬರಾಕಿಲ್ಲ, ಅಷ್ಟೆ. ಅದು ಮುಗಿಲಾಗೆ ನಿಂತ್ರೆ ಏನಪ್ಪಾ ಗತಿ? ರಾತ್ರಿ ಏನ್ಮಾಡ್ತೈತೆ?"

ಮಹನೀಯರೆ, ಈ ವಿಷಯವಾಗಿ ನಾನು ಎಷ್ಟೋ ಓದಿದೆ. ಆದರೆ ಶಾಲೆಯ ಮೆಟ್ಟಿಲು ಹತ್ತದ ಆ ಕುರಿಗಾಹಿ ಕೇಳಿದ್ದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ನನಗೆ ಎಲ್ಲಿಯೂ ಸಿಗಲಿಲ್ಲ.

ವಿದ್ಯುತ್ತಿಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಕೆಲಸದ ಫಲವಾಗಿ, 1902ರಲ್ಲಿ ಶಿವನಸಮುದ್ರದ ಕಾವೇರಿಯ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ನಾವು ಬದುಕಲು ಬಂದ ಈ ಮುಂಬಯಿಗೂ ಅಂಥದೇ ಹಿರಿಮೆಯಿದೆ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿತು. ನಾವು ದಿನವೂ ರಬಾಳೆಯ ಸ್ಟೇಷನ್ನಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಹೋಗುವ ಲೋಕಲ್ಲು ಅದರ ಮೊಮ್ಮಗಳು.

ರೈಲು ನೂರು ವರ್ಷದಿಂದ ವಿದ್ಯುತ್ತಿನಲ್ಲಿ ಓಡುತ್ತಿರುವಾಗ ವಿಮಾನ ಏಕೆ ಹಿಂದೆ ಬಿದ್ದಿತು? ಕಾರಣ ಸರಳ. ರೈಲು ತನ್ನ ಊಟವನ್ನು ತಾನು ಹೊರುವುದಿಲ್ಲ. ತಲೆಯ ಮೇಲಿನ ತಂತಿಯಿಂದ ಬೇಕಾದಾಗ ಬೇಕಾದಷ್ಟು ಪಡೆಯುತ್ತದೆ. ಆಕಾಶದಲ್ಲಿ ಕಂಬ ನೆಡುವಂತಿಲ್ಲ. ವಿಮಾನ ತನ್ನ ಬುತ್ತಿಯನ್ನು ತಾನೇ ಹೊತ್ತು ಏರಬೇಕು. ಇಡೀ ಕಷ್ಟ ಈ ಬುತ್ತಿಯ ತೂಕದಲ್ಲಿದೆ.

ಯೋಚನೆಯೇನೂ ಹೊಸದಲ್ಲ. 1884ರಲ್ಲಿ ಫ್ರಾನ್ಸಿನ ರೆನಾರ್ ಮತ್ತು ಕ್ರೆಬ್ಸ್ ಎಂಬ ಇಬ್ಬರು ಅಧಿಕಾರಿಗಳು ಅನಿಲ ತುಂಬಿದ ವಾಯುನೌಕೆಗೆ ಬ್ಯಾಟರಿಯನ್ನೂ ವಿದ್ಯುತ್ ಮೋಟಾರನ್ನೂ ಕಟ್ಟಿ, 23 ನಿಮಿಷದಲ್ಲಿ ಸುಮಾರು 8 ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ಮರಳಿದರು. ರೈಟ್ ಸಹೋದರರು ಹಾರುವುದಕ್ಕೆ ಹತ್ತೊಂಬತ್ತು ವರ್ಷ ಮುಂಚಿನ ಮಾತಿದು. ಆದರೆ ರೆಕ್ಕೆಯಿರುವ ವಿಮಾನವೊಂದು ಮನುಷ್ಯನನ್ನು ಹೊತ್ತು ಬರಿಯ ವಿದ್ಯುತ್ತಿನಿಂದ ಹಾರಲು 1973ರವರೆಗೆ ಕಾಯಬೇಕಾಯಿತು. ಆಸ್ಟ್ರಿಯದಲ್ಲಿ ನಡೆದ ಆ ಹಾರಾಟ ಕೆಲವೇ ನಿಮಿಷಗಳದ್ದು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಒಂದು ಜಮಾ-ಖರ್ಚು ಬರೆಯೋಣ.

ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದೆ. ಯೂನಿಟ್ ಎಂದರೆ ನಮ್ಮ ಮನೆಯ ಮೀಟರು ತೋರಿಸುವ ಅದೇ ಯೂನಿಟ್. ಆದರೆ ಸಣ್ಣ ವಿಮಾನದ ಇಂಜಿನು ದುಂದುಗಾರ. ಮುಕ್ಕಾಲು ಭಾಗವನ್ನು ಬಿಸಿಯಾಗಿ, ಹೊಗೆಯಾಗಿ ಹಾಳುಮಾಡಿ, ಹತ್ತಿರ ಹತ್ತಿರ 3 ಯೂನಿಟ್ಟನ್ನು ಮಾತ್ರ ಪ್ರೊಪೆಲ್ಲರಿಗೆ ಕೊಡುತ್ತದೆ. ವಿದ್ಯುತ್ ಮೋಟಾರು ಜಿಪುಣ; ನೂರು ಪೈಸೆ ಕೊಟ್ಟರೆ ತೊಂಬತ್ತು ಪೈಸೆಯ ಕೆಲಸವನ್ನಾದರೂ ಮಾಡುತ್ತದೆ. ಇಷ್ಟರವರೆಗೆ ಗೆಲುವು ಮೋಟಾರಿನದೇ. ಆದರೆ ಒಂದು ಕಿಲೋ ಬ್ಯಾಟರಿಯಲ್ಲಿ, ಅದರ ಪೆಟ್ಟಿಗೆ ತಂತಿಗಳನ್ನೂ ಸೇರಿಸಿ ತೂಗಿದರೆ, ಹಿಡಿಯುವುದು ಸುಮಾರು ಐದನೇ ಒಂದು ಯೂನಿಟ್! ದುಂದುಗಾರನಿಗೆ ಪಿತ್ರಾರ್ಜಿತ ಬಹಳ. ಜಿಪುಣನಿಗೆ ಸಂಬಳವೇ ಇಲ್ಲ. ಎಲ್ಲ ಕೂಡಿ ಕಳೆದು ನೋಡಿದರೆ, ಒಂದು ಕಿಲೋ ಪೆಟ್ರೋಲು ಮಾಡುವ ಕೆಲಸಕ್ಕೆ ಹದಿನಾರು ಹದಿನೇಳು ಕಿಲೋ ಬ್ಯಾಟರಿ ಬೇಕು.

ಇನ್ನೊಂದು ಸೂಕ್ಷ್ಮವಿದೆ. ಪೆಟ್ರೋಲು ಉರಿದ ಹಾಗೆ ವಿಮಾನ ಹಗುರಾಗುತ್ತದೆ. ಅದು ಕಂತು ಕಟ್ಟಿದಂತೆಲ್ಲ ಅಸಲು ಇಳಿಯುವ ಸಾಲ. ಬ್ಯಾಟರಿ ಖಾಲಿಯಾದರೂ ತೂಕ ಅಷ್ಟೇ ಉಳಿಯುತ್ತದೆ. ಅದು ಕೊನೆಯ ದಿನದವರೆಗೂ ಅಸಲು ಇಳಿಯದ ಸಾಲ. ಇಂಥ ಸಾಲ ಮಾಡಿದವನ ಪಾಡು ಏನೆಂದು ನಮ್ಮ ಕೌಂಟರಿನಲ್ಲಿ ನಿತ್ಯ ನೋಡುತ್ತೇವೆ. ಇದರ ಜೊತೆಗೆ ಸವಕಳಿ: ನಿಮ್ಮ ಮೊಬೈಲಿನ ಬ್ಯಾಟರಿಯ ಹಾಗೆಯೇ ವಿಮಾನದ ಬ್ಯಾಟರಿಯೂ ತುಂಬಿ ಬರಿದಾಗಿ ಮುಪ್ಪಾಗುತ್ತದೆ, ಬದಲಿಸಬೇಕಾಗುತ್ತದೆ. ಕರೆಂಟು ಅಗ್ಗವೆಂದು ಹಿಗ್ಗುವವರು ಈ ಬಾಬನ್ನು ಮರೆಯುತ್ತಾರೆ.

ಹಾಗಾದರೆ ಸಾಧನೆ ಇಲ್ಲವೆ? ಇದೆ. ಯೂರೋಪಿನಲ್ಲಿ ಪಿಪಿಸ್ಟ್ರೆಲ್ ಎಂಬ ಕಂಪೆನಿಯ ಎರಡು ಆಸನದ ವೆಲಿಸ್ ಎಲೆಕ್ಟ್ರೊ ವಿಮಾನಕ್ಕೆ 2020ರ ಜೂನಿನಲ್ಲಿ ಸರ್ಕಾರಿ ಒಪ್ಪಿಗೆ ಸಿಕ್ಕಿತು. ಪೂರ್ತಿ ವಿದ್ಯುತ್ತಿನ ವಿಮಾನವೊಂದು ಅಂಥ ಪರೀಕ್ಷೆಯಲ್ಲಿ ಉತ್ತೀರ್ಣವಾದದ್ದು ಜಗತ್ತಿನಲ್ಲಿ ಅದೇ ಮೊದಲು. ಅದು ಹಾರುವುದು ಸುಮಾರು 50 ನಿಮಿಷ. ಅದರ ಮೇಲೆ ಆಪತ್ತಿಗೆಂದು ಒಂದಿಷ್ಟು ಉಳಿಕೆ. ಹಾರಲು ಕಲಿಯುವ ಹುಡುಗ ನಿಲ್ದಾಣದ ಸುತ್ತ ಗಿರಕಿ ಹೊಡೆಯಲು ಅಷ್ಟು ಸಾಕು. ಎರಡನೆಯ ಸಾಲಿನ ಹಿರಿಯರಿಗೆ ಮಾತ್ರ ಸಾಲದು. ಇಲ್ಲಿಂದ ಮಂಗಳೂರಿಗೆ ವಿಮಾನದ ದಾರಿ ಸುಮಾರು 700 ಕಿಲೋಮೀಟರ್. ಆ ವಿಮಾನವೇರಿದರೆ ಅವರು ರತ್ನಾಗಿರಿ ಮುಟ್ಟುವ ಮೊದಲೇ ಇಳಿದು, ಎಸ್.ಟಿ. ಬಸ್ಸು ಹುಡುಕಬೇಕಾದೀತು!

ಇನ್ನು ಪರೀಕ್ಷೆಯ ವಿಷಯ. ವಿಮಾನ ಮಾಡುವುದು ಒಂದು ಕೆಲಸವಾದರೆ ಅದನ್ನು ಪರೀಕ್ಷಿಸುವುದು ಹತ್ತು ಕೆಲಸ. ಮೋಟಾರನ್ನು ಮೊದಲು ನೆಲಕ್ಕೆ ಬಿಗಿದು ಗಂಟೆಗಟ್ಟಲೆ ಓಡಿಸುತ್ತಾರೆ. ಎಷ್ಟು ಎಳೆಯಿತು, ಎಷ್ಟು ಕಾದಿತು ಎಂದು ಬರೆಯುತ್ತಾರೆ. ಆಮೇಲೆ ಗಾಳಿ ತೆಗೆದ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಓಡಿಸುತ್ತಾರೆ. ಎತ್ತರದ ತೆಳುಗಾಳಿ ಮೋಟಾರಿನ ಬಿಸಿಯನ್ನು ಹೊತ್ತೊಯ್ಯಲಾರದು. ಹೆಚ್ಚು ವೋಲ್ಟಿನ ತಂತಿಗಳ ನಡುವೆ ಅಲ್ಲಿ ಕಿಡಿಯೂ ಸುಲಭವಾಗಿ ಹಾರುತ್ತದೆ. ಬ್ಯಾಟರಿಯ ಪರೀಕ್ಷೆ ಇನ್ನೂ ಕಠಿಣ. ಅದರೊಳಗಿನ ನೂರಾರು ಸಣ್ಣ ಕೋಶಗಳಲ್ಲಿ ಒಂದನ್ನು ಬೇಕೆಂದೇ ಕೆಡಿಸಿ ಉರಿಸುತ್ತಾರೆ. ಅದರ ಬೆಂಕಿ ಪಕ್ಕದ್ದಕ್ಕೆ ಹತ್ತಕೂಡದು. ನಮ್ಮ ಕಡೆ ರೈತರು ಹುಲ್ಲಿನ ಬಣವೆಗಳನ್ನು ಒಂದಕ್ಕೊಂದು ತಗಲದಂತೆ ದೂರ ದೂರ ಒಟ್ಟುವುದಿಲ್ಲವೆ? ಅದೇ ವಿವೇಕ. ವಿಮಾನದಲ್ಲಿ ದೂರಕ್ಕೆ ಜಾಗವಿಲ್ಲ, ಅಷ್ಟೇ.

ಈ ಪರೀಕ್ಷೆ ಹುಡುಗಾಟವಲ್ಲ. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನವೊಂದು ಬಾಸ್ಟನ್ನಿನಲ್ಲಿ ನಿಂತಿದ್ದಾಗ ಅದರ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಇನ್ನೊಂದು ವಿಮಾನ ಹೊಗೆಯ ಕಾರಣ ಆತುರದಿಂದ ಇಳಿಯಿತು. ಜಗತ್ತಿನಾದ್ಯಂತ ಆ ಜಾತಿಯ ವಿಮಾನಗಳೆಲ್ಲ ನೆಲಕ್ಕೆ ನಿಂತವು; ಏರ್ ಇಂಡಿಯಾದವೂ ನಿಂತವು. ಗಮನಿಸಿ, ಆ ಬ್ಯಾಟರಿ ವಿಮಾನವನ್ನು ಹಾರಿಸುವ ಬ್ಯಾಟರಿಯೂ ಅಲ್ಲ, ಬರಿಯ ಸಹಾಯಕ. ಅಮೆರಿಕದ ನಾಸಾ ಸಂಸ್ಥೆ ವರ್ಷಗಟ್ಟಲೆ ದುಡಿದು ಎಕ್ಸ್-57 ಎಂಬ ವಿದ್ಯುತ್ ವಿಮಾನವನ್ನು ಕಟ್ಟಿತು. ಬ್ಯಾಟರಿ ಮೊದಲ ಪರೀಕ್ಷೆಯಲ್ಲಿ ಸೋತಿತು, ಹೊಸದಾಗಿ ಮಾಡಿದರು. ಕಡೆಗೆ ಮೋಟಾರಿನಲ್ಲಿ ಅಪಾಯದ ಸುಳಿವು ಸಿಕ್ಕಿತು. 2023ರಲ್ಲಿ, ಒಮ್ಮೆಯೂ ಹಾರಿಸದೆ, ಆ ಯೋಜನೆಯನ್ನು ಮುಗಿಸಿ, ಕಲಿತ ಪಾಠವನ್ನೆಲ್ಲ ಲೋಕಕ್ಕೆ ಬಿಚ್ಚಿಟ್ಟರು. ಇದನ್ನು ಸೋಲೆನ್ನುವವರು ಎನ್ನಲಿ. ತಾಳೆಯಾಗದ ಲೆಕ್ಕಕ್ಕೆ ಸಹಿ ಹಾಕದೆ ಎದ್ದು ಬಂದ ಗುಮಾಸ್ತನ ಮೇಲೆ ನನಗೆ ಗೌರವವೇ.

ಈಗ ನಮ್ಮ ನಾಡಿನ ಮಾತು. ವಿಮಾನದ ಕೆಲಸ ಬೆಂಗಳೂರಿಗೆ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಲ್ಲಿ ತೆರೆದರು. ಮುಂಬಯಿಯ ಉದ್ಯಮಿಯ ಸಾಹಸ, ಮೈಸೂರಿನ ನೆಲ. ಎರಡು ಊರುಗಳ ಅನ್ನ ಉಂಡ ನಮಗೆ ಇದು ನೆನಪಿರಬೇಕಾದ ಸಂಗತಿ. 1959ರಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಜನರ ಬಾಯಲ್ಲಿ ಎನ್.ಎ.ಎಲ್., ಮರುವರ್ಷ ಬೆಂಗಳೂರಿಗೆ ಬಂದು ನೆಲೆಸಿತು. ಅಲ್ಲಿ ರೂಪುಗೊಂಡ ಹಂಸ ಎಂಬ ಎರಡು ಆಸನದ ತರಬೇತಿ ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಹೊಸ ಪೀಳಿಗೆ 2021ರ ಸೆಪ್ಟೆಂಬರಿನಲ್ಲಿ ಹಾರಿ, ಮರುವರ್ಷ ಸಮುದ್ರಮಟ್ಟದ ಪರೀಕ್ಷೆಗಾಗಿ ಪುದುಚೇರಿಯವರೆಗೆ ಹೋಗಿಬಂತು. ಅದರದೇ ವಿದ್ಯುತ್ ರೂಪ ಇ-ಹಂಸವನ್ನು ಈ ಪ್ರಯೋಗಾಲಯ ಸಿದ್ಧಪಡಿಸಲಿದೆಯೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವರು ಸಾರಿದರು. ಬೆಲೆ ಸುಮಾರು 2 ಕೋಟಿ ರೂಪಾಯಿ ಆದೀತೆಂಬ ಅಂದಾಜು. ಸಾರಿದ್ದು ಬೇರೆ, ಹಾರಿದ್ದು ಬೇರೆ. ಆದ್ದರಿಂದ ಅದನ್ನು ನಾನು ಜಮಾ ಕಡೆ ಬರೆಯುವುದಿಲ್ಲ. ಬರಬೇಕಾದ ಬಾಬು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಜಮಾ ಕಡೆ ಬರೆಯಬಹುದಾದದ್ದು ನಮ್ಮ ಚಳ್ಳಕೆರೆಯಲ್ಲಿ ನಡೆಯಿತು. 2024ರ ಫೆಬ್ರುವರಿಯಲ್ಲಿ, ಅಲ್ಲಿನ ವೈಮಾನಿಕ ಪರೀಕ್ಷಾ ಕ್ಷೇತ್ರದಿಂದ ಇದೇ ಪ್ರಯೋಗಾಲಯದವರು ಪೈಲಟ್ ಇಲ್ಲದ ಬಿಸಿಲು-ವಿಮಾನದ ಮಾದರಿಯೊಂದನ್ನು ಹಾರಿಸಿದರು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 11 ಮೀಟರ್. ನಮ್ಮ ಚಾಳಿನ ಮೂರು ಖೋಲಿಗಳಷ್ಟು. ತೂಕ ಎಷ್ಟೆಂದು ಊಹಿಸಿ. 23 ಕಿಲೋ! ಪಡಿತರದ ಒಂದು ಅಕ್ಕಿ ಮೂಟೆಗಿಂತ ಕಡಿಮೆ. ರೆಕ್ಕೆಯ ಮೇಲಿನ ಸೌರಫಲಕಗಳು ಬಿಸಿಲನ್ನು ವಿದ್ಯುತ್ತಾಗಿಸುತ್ತವೆ. ವಿದ್ಯುತ್ತು ಮೋಟಾರು ತಿರುಗಿಸುತ್ತದೆ. ಮಿಕ್ಕದ್ದು ಬ್ಯಾಟರಿಗೆ ಜಮೆಯಾಗುತ್ತದೆ. ಅದು ಸಮುದ್ರಮಟ್ಟದಿಂದ ಸುಮಾರು 3 ಕಿಲೋಮೀಟರ್ ಎತ್ತರಕ್ಕೇರಿ, ಎಂಟೂವರೆ ಗಂಟೆ ಹಾರಿ ಇಳಿಯಿತು. ಇದು ಚಿಕ್ಕ ಮಾದರಿ. ದೊಡ್ಡದು ಸಿದ್ಧವಾದಾಗ ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ, ಮೋಡ ಮಳೆಗಳ ಮೇಲೆ, ತಿಂಗಳುಗಟ್ಟಲೆ ಇಳಿಯದೆ ಸುತ್ತುತ್ತಿರಬೇಕೆಂಬುದು ಗುರಿ. ಗಡಿಯನ್ನು ಕಾಯಲು, ನೆರೆ ಬಂದಾಗ ನೋಡಲು, ದೂರವಾಣಿಯ ಗೋಪುರವಾಗಿ ನಿಲ್ಲಲು ಅದು ಬೇಕು. ಅಷ್ಟೆತ್ತರದಲ್ಲಿ ಗಾಳಿ ನಮ್ಮಲ್ಲಿಯದರ ಹದಿನಾಲ್ಕನೆಯ ಒಂದು ಪಾಲು; ಚಳಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗೆ.

ಇನ್ನು ದೊಡ್ಡಪ್ಪನ ಪ್ರಶ್ನೆ: ರಾತ್ರಿ ಏನು ಮಾಡುತ್ತದೆ? ನಮ್ಮ ಚಳಿಗಾಲದ ರಾತ್ರಿ ಹನ್ನೆರಡು ಗಂಟೆಗೂ ಮೀರಿದ್ದು. ಎಂಟೂವರೆ ಗಂಟೆಯ ಆ ಹಾರಾಟ ರಾತ್ರಿಯ ಉತ್ತರವಾಗಲಾರದು. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಉಪಾಯ ಮಾತ್ರ ಹೀಗಿದೆ. ಹಗಲು ಬಿಸಿಲಿದ್ದಾಗ ಬ್ಯಾಟರಿಯನ್ನು ತುಂಬಿಕೊಳ್ಳುವುದಲ್ಲದೆ, ಎತ್ತರವನ್ನೂ ಗಳಿಸುವುದು. ರಾತ್ರಿ ಆ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚುಮಾಡುತ್ತ, ಹದ್ದಿನ ಹಾಗೆ ತೇಲುತ್ತ, ಬ್ಯಾಟರಿಯನ್ನು ಹಿಡಿದು ಹಿಡಿದು ಬಳಸುತ್ತ, ಬೆಳಕು ಹರಿಯುವವರೆಗೆ ಜೀವ ಹಿಡಿದಿರುವುದು. ಸುಗ್ಗಿಯಲ್ಲಿ ಹಗೇವಿಗೆ ತುಂಬಿ ಬೇಸಗೆಯಲ್ಲಿ ತೆಗೆದು ಉಣ್ಣುವ ಒಕ್ಕಲು ಮನೆತನದ ಕ್ರಮವೇ ಇದು. ಸಾಧ್ಯವೇ ಎಂದರೆ, ಸಾಧ್ಯವೆಂದು ತೋರಿಸಿದವರಿದ್ದಾರೆ. ಏರ್‌ಬಸ್ಸಿನವರ ಜೆಫಿರ್ ಎಂಬ ಇಂಥದೇ ವಿಮಾನ 2022ರಲ್ಲಿ ಅಮೆರಿಕದ ಅರಿಜೋನದಿಂದ ಏರಿ, 64 ಹಗಲು, 64 ರಾತ್ರಿ ಹಾರಿತು. ಆಮೇಲೆ ಬಿದ್ದೂ ಹೋಯಿತು. ನಾಸಾದ ಹೀಲಿಯೋಸ್ 2001ರಲ್ಲಿ 29 ಕಿಲೋಮೀಟರಿಗೂ ಮೇಲೇರಿ ದಾಖಲೆ ಮಾಡಿ, 2003ರಲ್ಲಿ ಹವಾಯಿಯ ಕಡಲ ಮೇಲೆ ಗಾಳಿಗೆ ಸಿಕ್ಕಿ ಮುರಿಯಿತು. ಹಗುರಾದದ್ದಕ್ಕೆ ಗಾಳಿಯ ಭಯ ತಪ್ಪಿದ್ದಲ್ಲ.

ಬಂಧುಗಳೆ, ಇಷ್ಟು ಹೇಳಿ ಚಪ್ಪಾಳೆ ಪಡೆದು ಇಳಿದುಬಿಡಬಹುದು. ಆದರೆ ಖರ್ಚಿನ ಕಡೆ ಒಂದು ಸಾಲು ಬಿಟ್ಟುಹೋಗಿದೆ. ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಆ ಪರೀಕ್ಷಾ ಕ್ಷೇತ್ರ ಇರುವುದು ಅಮೃತಮಹಲ್ ಕಾವಲಿನ ನೆಲದಲ್ಲಿ. ಮೈಸೂರು ಅರಸರ ಕಾಲದಿಂದ ಆ ಹೆಸರಾಂತ ದನಗಳಿಗೂ, ಸುತ್ತಲ ಹಳ್ಳಿಗಳ ಕುರಿಗಳಿಗೂ, ಕೃಷ್ಣಮೃಗಗಳಿಗೂ ಮೇವು ಕೊಟ್ಟ ಹುಲ್ಲುಗಾವಲು ಅದು. ಅದರಲ್ಲಿ ಹತ್ತು ಸಾವಿರ ಎಕರೆಯ ಆಸುಪಾಸು ದೇಶದ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಜನ ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪರೀಕ್ಷಾ ಕ್ಷೇತ್ರ 2017ರಲ್ಲಿ ಉದ್ಘಾಟನೆಯಾಯಿತು. ನ್ಯಾಯಾನ್ಯಾಯ ಹೇಳಲು ನಾನು ಯಾರು? ದೇಶಕ್ಕೆ ಪ್ರಯೋಗಭೂಮಿ ಬೇಕು, ಕುರಿಗೆ ಹುಲ್ಲು ಬೇಕು. ಆದರೆ ಹಾರಿದ ಆ ಹಕ್ಕಿಯ ಖಾತೆಯಲ್ಲಿ ಹುಲ್ಲಿನ ಬಾಬನ್ನೂ ಬರೆಯಲೇಬೇಕು. ಹಾಗೆಯೇ, ವಿದ್ಯುತ್ ವಿಮಾನಕ್ಕೆ ಹೊಗೆಯಿಲ್ಲವೆನ್ನುವಾಗ, ರಾಯಚೂರಿನ ಕಲ್ಲಿದ್ದಲಿನ ಸ್ಥಾವರದಿಂದ ಬಂದ ಕರೆಂಟಾದರೆ ಹೊಗೆ ರಾಯಚೂರಿನಲ್ಲಿ ಏಳುತ್ತದೆಂಬುದನ್ನೂ ಬರೆಯಬೇಕು.

ರಾಜ್ಯೋತ್ಸವದ ದಿನ ನಾವು ಅಭಿಮಾನದ ಮಾತಾಡುವುದು ವಾಡಿಕೆ. ಅಭಿಮಾನ ಬೇಡವೆಂದು ನಾನು ಹೇಳುವುದಿಲ್ಲ. ಪರೀಕ್ಷೆಗೆ ನಿಂತ ಅಭಿಮಾನ ಬೇಕೆನ್ನುತ್ತೇನೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಮೂಲಕ ಬಂದ ವೈಮಾನಿಕ ಶಾಸ್ತ್ರವನ್ನು ಪುರಾತನವೆಂದು ನಮ್ಮಲ್ಲಿ ಹಲವರು ಇಂದಿಗೂ ಹೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ನೋಡಿ, ಗ್ರಂಥ ಇಪ್ಪತ್ತನೆಯ ಶತಮಾನಕ್ಕಿಂತ ಹಳೆಯದಲ್ಲ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು 1974ರಲ್ಲಿಯೇ ಬರೆದರು. ಹಾಗೆ ಬರೆದವರೂ ನಮ್ಮವರೇ. ಇಲ್ಲದ ಸಾವಿರ ವಿಮಾನಗಳಿಗಿಂತ, ಎಂಟೂವರೆ ಗಂಟೆ ನಿಜವಾಗಿ ಹಾರಿದ 23 ಕಿಲೋದ ಆ ಒಂದು ಹಕ್ಕಿಯೇ ನನಗೆ ಹೆಚ್ಚು.

ಇಲ್ಲಿ ನಮ್ಮ ಹತ್ತಿರವೇ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ನಮ್ಮ ಮಕ್ಕಳು ವಿಮಾನದ ಸದ್ದಿನ ಕೆಳಗೆ ಬೆಳೆಯಲಿದ್ದಾರೆ. ಅವರಲ್ಲಿ ಒಬ್ಬರಾದರೂ ಆ ಸದ್ದನ್ನು ತಗ್ಗಿಸುವ, ಆ ಬ್ಯಾಟರಿಯನ್ನು ಹಗುರಗೊಳಿಸುವ ಕೆಲಸಕ್ಕೆ ಕೈಹಾಕಲಿ. ಅದಕ್ಕೆ ಇಂಗ್ಲಿಷ್ ಬೇಕಾದೀತು, ಗಣಿತವಂತೂ ಬೇಕೇ ಬೇಕು. ಆದರೆ "ರಾತ್ರಿ ಏನ್ಮಾಡ್ತೈತೆ?" ಎಂಬ ಪ್ರಶ್ನೆ ಕನ್ನಡದಲ್ಲಿಯೇ ಹುಟ್ಟಿತು, ಅದನ್ನು ಮಕ್ಕಳು ಮರೆಯದಿರಲಿ. ರಜೆಯಲ್ಲಿ ಅವರನ್ನು ಊರಿಗೆ ಕರೆದೊಯ್ದು ಇಂಥ ಹಿರಿಯರ ಜಗುಲಿಯ ಮೇಲೆ ಕೂರಿಸಿರೆಂದು ನನ್ನ ವಿನಂತಿ.

ಎರಡನೆಯ ಸಾಲಿನ ಹಿರಿಯರಿಗೆ ನನ್ನ ಉತ್ತರ: ಠೇವಣಿಯನ್ನು ಇನ್ನೊಂದು ಅವಧಿಗೆ ನವೀಕರಿಸಿ, ಊರಿಗೆ ಕೊಂಕಣ ರೈಲಿನಲ್ಲಿಯೇ ಹೋಗಿಬನ್ನಿ. ಕಂಪೆನಿಯ ಚಿತ್ರಪಟ ಹಾರುವುದನ್ನು ನೋಡಿ ಹಣ ಹಾಕಬೇಡಿ. ವಿಮಾನ ಹಾರಿ, ಪರೀಕ್ಷೆ ಮುಗಿದು, ಮುದ್ರೆ ಬಿದ್ದ ಮೇಲೆ ಯೋಚಿಸೋಣ.

ದೊಡ್ಡಪ್ಪನಿಗೆ ಈ ಉತ್ತರವನ್ನೆಲ್ಲ ಫೋನಿನಲ್ಲಿ ಹೇಳಿದೆ. ಹಗೇವಿನ ಹೋಲಿಕೆ ಅವರಿಗೆ ಹಿಡಿಸಿತು. ಕೊಂಚ ಹೊತ್ತು ಸುಮ್ಮನಿದ್ದು, "ಆಗ್ಲಿ ಬಿಡಪ್ಪಾ. ಅಷ್ಟೆತ್ರ ಹೋಗಿ ತಿಂಗ್ಳಾನುಗಟ್ಲೆ ಕೆಳಗೆ ನೋಡ್ತಾ ಇರ್ತೈತಲ್ಲ, ಮಳೆ ಯಾವಾಗ ಬರ್ತೈತೆ, ಎಲ್ಲಿ ಹುಲ್ಲು ಚಿಗುರೈತೆ ಅಂತ ನಮ್ಗೂ ಒಂದು ಮಾತು ಹೇಳ್ಲಿ" ಎಂದರು.

ವಿಮಾನ ಕಟ್ಟುವವರ ಮುಂದೆ ಇಡಬೇಕಾದ ಕೋರಿಕೆ ಇದಕ್ಕಿಂತ ದೊಡ್ಡದು ನನಗೆ ತಿಳಿಯದು.  ಸಿರಿಗನ್ನಡಂ ಗೆಲ್ಗೆ.